ಬೇರ್‌ಬೋನ್ ಗಣಕದ ಜೋಡಣೆಯೂ ಗ್ರಂಥರಕ್ಷಣೆಯೂ

೧. ವಿಷಯಪ್ರವೇಶ

ತಾಡವೋಲೆಯ ಕಟ್ಟನ್ನು ಬಿಚ್ಚಿ ನೋಡಿದವರು ಅದರ ರಚನೆಯಲ್ಲಿರುವ ಒಂದು ವಿವೇಕವನ್ನು ಗಮನಿಸಿಯೇ ಇರುವರು. ಬರಹವಿರುವುದು ಓಲೆಗಳಲ್ಲಿ, ಅವನ್ನು ಕಾಯುವುದು ಮೇಲೂ ಕೆಳಗೂ ಇರುವ ಮರದ ಹಲಗೆಗಳು, ಎಲ್ಲವನ್ನೂ ಕೂಡಿಸಿ ಹಿಡಿದಿರುವುದು ದಾರ. ದಾರವು ಹರಿದರೆ ಬೇರೆ ದಾರವನ್ನು ಪೋಣಿಸಬಹುದು. ಹಲಗೆಗೆ ಹುಳು ಹತ್ತಿದರೆ ಬೇರೆ ಹಲಗೆಯನ್ನು ಕೂಡಿಸಬಹುದು. ಇವೆರಡೂ ಹೋದರೂ ಗ್ರಂಥವು ಹೋಗದು. ಓಲೆಯು ನಷ್ಟವಾದಾಗ ಮಾತ್ರ ಗ್ರಂಥಕ್ಕೆ ಹಾನಿ. ಆದುದರಿಂದಲೇ ಹಿಂದಿನವರು ಪ್ರತಿಮಾಡಿಸಿ ಇಡುತ್ತಿದ್ದರು. ಯಾವ ಅಂಗವು ಕೆಟ್ಟರೆ ಏನು ಹೋಗುವುದು, ಏನು ಉಳಿಯುವುದು ಎಂಬ ಈ ತಿಳಿವಳಿಕೆಯು ಓಲೆಗ್ರಂಥಗಳ ವಿಷಯದಲ್ಲಿ ನಮ್ಮ ಪಂಡಿತರಿಗೆ ಸಹಜವಾಗಿದೆ. ಗಣಕಯಂತ್ರದ ವಿಷಯದಲ್ಲಿ ಅದು ಇನ್ನೂ ಬಂದಿಲ್ಲ.

ಇಂದು ಕನ್ನಡದ ಬರಹವು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ಹುಟ್ಟಿ ಅದರಲ್ಲಿಯೇ ಉಳಿಯುತ್ತಿದೆ. ಸಂಗ್ರಹಿಸಿದ ಹಾಡು, ಶಾಸನದ ಪಾಠ, ಮಹಾಪ್ರಬಂಧದ ಕರಡು, ಹಳೆಯ ಪತ್ರಿಕೆಗಳ ಛಾಯಾಪ್ರತಿ, ಇವೆಲ್ಲವೂ ಯಾವುದೋ ಒಂದು ಪೆಟ್ಟಿಗೆಯೊಳಗೆ ಇರುತ್ತವೆ. ಆ ಪೆಟ್ಟಿಗೆಯು ಒಂದು ದಿನ ನಡೆಯದೆ ನಿಂತರೆ ಬರಹವೂ ಹೋಯಿತೆಂದು ಕೈಚೆಲ್ಲುವವರುಂಟು. ಪೆಟ್ಟಿಗೆಯನ್ನೇ ಗುಜರಿಗೆ ಹಾಕುವವರೂ ಉಂಟು. ಕೆಟ್ಟಿರುವುದು ದಾರವೋ ಹಲಗೆಯೋ ಆಗಿದ್ದು, ಓಲೆಗಳು ನೆಟ್ಟಗಿರಬಹುದೆಂಬ ಯೋಚನೆ ಅವರಿಗೆ ಬರುವುದಿಲ್ಲ. ಈ ವಿವೇಕವನ್ನು ಪಡೆಯುವುದಕ್ಕೆ ಯಂತ್ರವೊಂದನ್ನು ಒಮ್ಮೆ ಕೈಯಾರೆ ಜೋಡಿಸಿ ನೋಡುವುದಕ್ಕಿಂತ ಉತ್ತಮವಾದ ಮಾರ್ಗವಿಲ್ಲವೆಂಬುದೇ ಈ ಲೇಖನದ ಪ್ರತಿಪಾದನೆ. ಅದಕ್ಕೆ ಬೇರ್‌ಬೋನ್ ಎಂಬ ಚಿಕ್ಕ ಗಣಕವು ಅತ್ಯಂತ ಅನುಕೂಲವಾದ ಸಾಧನವಾಗಿದೆ.

ಗೋಕಾಕ, ಅದರಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಮೂಡಲಗಿ, ನೆರೆಯ ಹುಕ್ಕೇರಿ, ಈ ಮೂರು ತಾಲ್ಲೂಕುಗಳ ಉಪಾಧ್ಯಾಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. 'ಆನಂದಕಂದ'ರೆಂಬ ಹೆಸರಿನಿಂದ ಬರೆದ ಬೆಟಗೇರಿ ಕೃಷ್ಣಶರ್ಮರು ಈ ಸೀಮೆಯ ಬೆಟಗೇರಿಯವರು. ಶ್ರೀಕೃಷ್ಣಪಾರಿಜಾತಕ್ಕೆ ಹೆಸರು ತಂದ ನಿಂಗಮ್ಮನವರು ಈ ಸೀಮೆಯ ಕೌಜಲಗಿಯವರು. ಹಾಡು, ಬಯಲಾಟ, ಲಾವಣಿಗಳ ಇಂಥ ನೆಲದಲ್ಲಿ ಬಾಯಿಂದ ಬಾಯಿಗೆ ಬಂದುದನ್ನು ಬರೆದಿಡುವ ಕೆಲಸವು ಹೆಚ್ಚಾಗಿ ಶಾಲಾ ಕಾಲೇಜುಗಳ ಕನ್ನಡ ಉಪಾಧ್ಯಾಯರ ಪಾಲಿಗೆ ಬರುವುದು. ಹಾಡಿದವರು ತೀರಿಕೊಂಡ ಮೇಲೆ ಆ ಬರಹವಲ್ಲದೆ ಬೇರೆ ಮೂಲವಿರುವುದಿಲ್ಲ. ಅದನ್ನು ಕಾಯುವ ಯಂತ್ರದ ಒಳಗನ್ನು ಅವರು ಅರಿತಿರಬೇಕೆಂದು ಹೇಳುವುದು ಅಧಿಕಪ್ರಸಂಗವಾಗಲಾರದು.

೨. ಬೇರ್‌ಬೋನ್ ಎಂದರೇನು?

ಈ ಆಂಗ್ಲ ಶಬ್ದಕ್ಕೆ 'ಬರಿಯ ಎಲುಬು' ಎಂದು ಅರ್ಥ. ಮಾರುವವರು ಕೇವಲ ಅಸ್ಥಿಪಂಜರವನ್ನು ಕೊಡುವರು. ಮಿಕ್ಕ ಅಂಗಗಳನ್ನು ಕೊಳ್ಳುವವರು ತಮ್ಮ ಅಗತ್ಯಕ್ಕೆ ತಕ್ಕಂತೆ ಆರಿಸಿ ಕೂಡಿಸಿಕೊಳ್ಳಬೇಕು. ಅಸ್ಥಿಪಂಜರವೆಂದರೆ ಮೂರು ವಸ್ತುಗಳು: ಹೊರಗವಚ, ಅದರಲ್ಲಿ ಕೂಡಿಸಿದ ಮದರ್‌ಬೋರ್ಡು, ವಿದ್ಯುತ್ತನ್ನು ಒದಗಿಸುವ ಸಾಧನ. ರ‍್ಯಾಮು, ಸಂಗ್ರಹದ ಡ್ರೈವು, ಯಂತ್ರವನ್ನು ನಡೆಯಿಸುವ ತಂತ್ರಾಂಶ ಇವು ಅದರಲ್ಲಿ ಇರುವುದಿಲ್ಲ. ಪ್ರೊಸೆಸರು ಕೆಲವು ಜಾತಿಗಳಲ್ಲಿ ಬೋರ್ಡಿಗೆ ಬೆಸೆದೇ ಬರುವುದು. ಕೆಲವುಗಳಲ್ಲಿ ಅದನ್ನೂ ನಾವೇ ಕೂಡಿಸಬೇಕು.

ಇದರ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ೧೯೮೧ ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ವೈಯಕ್ತಿಕ ಗಣಕದ ರಚನೆಯನ್ನು ಇತರರೂ ಅನುಸರಿಸಿದುದರಿಂದ, ಒಬ್ಬನು ಮಾಡಿದ ಅಂಗವು ಮತ್ತೊಬ್ಬನ ಯಂತ್ರಕ್ಕೆ ಹೊಂದುವ ಪದ್ಧತಿ ಬೆಳೆಯಿತು. ೧೯೯೫ ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. ಬೋರ್ಡಿನ ತಿರುಪುಗಳು ಎಲ್ಲಿರಬೇಕೆಂಬುದೂ ಅದರಿಂದ ನಿಶ್ಚಿತವಾಯಿತು. ೨೦೦೧ ರಲ್ಲಿ ತೈವಾನಿನ ವಿಐಎ ಸಂಸ್ಥೆಯು ಕೇವಲ ೧೭ ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಅಳತೆಯನ್ನು ಪ್ರಕಟಿಸಿತು. ಅದೇ ವರ್ಷ ತೈವಾನಿನದೇ ಆದ ಷಟ್ಲ್ ಸಂಸ್ಥೆಯು ಪುಟ್ಟ ಪೆಟ್ಟಿಗೆಯ ಬೇರ್‌ಬೋನನ್ನು ಮಾರುಕಟ್ಟೆಗೆ ತಂದಿತು. ೨೦೧೨ ರಲ್ಲಿ ಇಂಟೆಲ್ ಪ್ರಕಟಪಡಿಸಿದ ಎನ್‌ಯುಸಿ ಎಂಬುದರ ಬೋರ್ಡು ಸುಮಾರು ನಾಲ್ಕು ಅಂಗುಲದ ಚೌಕ ಮಾತ್ರ, ಎಂದರೆ ಅಂಗೈಯಷ್ಟು. ೨೦೨೩ ರಲ್ಲಿ ಆ ಸಾಲಿನ ತಯಾರಿಕೆಯನ್ನು ಏಸುಸ್ ಸಂಸ್ಥೆಯು ವಹಿಸಿಕೊಂಡಿತು. ಎನ್‌ಯುಸಿಯಲ್ಲಿ ಪ್ರೊಸೆಸರು ಬೆಸೆದಿರುವುದು. ಆಸ್‌ರಾಕ್ ಸಂಸ್ಥೆಯ ಡೆಸ್ಕ್‌ಮಿನಿಯಂಥವುಗಳಲ್ಲಿ ಅದನ್ನು ಬೇರೆಯಾಗಿ ಕೂಡಿಸುವುದಿರುತ್ತದೆ.

ಗ್ರಂಥಸಂಪಾದಕರಿಗೆ ಇದೊಂದು ಪರಿಚಿತ ತತ್ತ್ವದಂತೆ ತೋರಬಹುದು. ಅಳತೆಗಳೂ ಕೂಡುವ ಬಾಯಿಗಳೂ ಎಲ್ಲರಿಗೂ ಒಂದೇ ಆಗಿರುವುದರಿಂದ ಅಂಗಗಳನ್ನು ಬಿಡಿಸಿ ಬೇರೆ ಕಡೆಗೆ ಹಾಕಬಹುದು. ಸರ್ವಸಮ್ಮತವಾದ ಲಿಪಿಯಿದ್ದರೆ ಒಬ್ಬನು ಬರೆದುದನ್ನು ಮತ್ತೊಬ್ಬನು ಓದಬಲ್ಲನು, ಇಲ್ಲಿಯೂ ಹಾಗೆಯೇ.

೩. ಅಂಗಗಳೂ ಅವುಗಳ ಕೆಲಸವೂ

ಅಂಗಗಳ ಹೆಸರುಗಳನ್ನು ಅಂಗಡಿಯಲ್ಲಿ ಕೇಳುವಂತೆಯೇ ಇಲ್ಲಿ ಬಳಸಿದೆ. ಹೊಸ ಸಂಸ್ಕೃತ ಶಬ್ದಗಳನ್ನು ಕಟ್ಟುವುದು ಕಷ್ಟವಲ್ಲ. ಆದರೆ ಆ ಶಬ್ದವನ್ನು ಹೇಳಿ ಬೆಳಗಾವಿಯ ಅಂಗಡಿಯಲ್ಲಿ ವಸ್ತುವನ್ನು ಕೊಳ್ಳುವುದು ಕಷ್ಟ.

ಮದರ್‌ಬೋರ್ಡು ಎಲ್ಲ ಅಂಗಗಳು ಬಂದು ಕೂಡುವ ಹಲಗೆ. ಅದರ ಮೇಲಿನ ಸಣ್ಣ ತಾಮ್ರದ ಗೆರೆಗಳ ಮೂಲಕ ವಿದ್ಯುತ್ತೂ ಸಂಕೇತಗಳೂ ಹರಿಯುತ್ತವೆ. ಪ್ರೊಸೆಸರು ಲೆಕ್ಕವನ್ನು ಮಾಡತಕ್ಕದ್ದು. ನಾವು ಒಂದು ಅಕ್ಷರವನ್ನು ಒತ್ತಿದರೂ ಅದು ಲೆಕ್ಕದ ಮೂಲಕವೇ ತೆರೆಯ ಮೇಲೆ ಮೂಡುವುದು. ಅದು ಕೆಲಸ ಮಾಡುವಾಗ ಹುಟ್ಟುವ ಕಾವನ್ನು ತೆಗೆಯುವುದಕ್ಕೆ ಲೋಹದ ಹೀಟ್‌ಸಿಂಕೂ ಫ್ಯಾನೂ ಇರುತ್ತವೆ.

ರ‍್ಯಾಮು ಮತ್ತು ಸಂಗ್ರಹದ ಡ್ರೈವು ಇವೆರಡರ ಭೇದವನ್ನು ಚೆನ್ನಾಗಿ ತಿಳಿಯಬೇಕು. ಬಳಕೆಯಲ್ಲಿ ಎರಡನ್ನೂ 'ಮೆಮೊರಿ' ಎಂದು ಕರೆಯುವುದರಿಂದ ಬಹಳ ಗೊಂದಲವಾಗಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ರ‍್ಯಾಮು ಪಾಟಿಯಿದ್ದಂತೆ, ಡ್ರೈವು ಹೊತ್ತಗೆಯಿದ್ದಂತೆ. ಹುಡುಗನು ಲೆಕ್ಕವನ್ನು ಪಾಟಿಯ ಮೇಲೆ ಮಾಡುವನು. ಪಾಟಿ ದೊಡ್ಡದಿದ್ದರೆ ಹೆಚ್ಚು ಕೆಲಸವು ಒಮ್ಮೆಲೇ ಸಾಗುವುದು. ಒರಸಿದೊಡನೆ ಎಲ್ಲವೂ ಮಾಯವಾಗುವುದು. ವಿದ್ಯುತ್ತು ನಿಂತಾಗ ರ‍್ಯಾಮಿನ ಗತಿ ಇದೇ. ಡ್ರೈವಿಗೆ ಬರೆದುದು ವಿದ್ಯುತ್ತು ಹೋದರೂ ಉಳಿಯುವುದು. ಆದುದರಿಂದ ಇಡೀ ಯಂತ್ರದಲ್ಲಿ 'ಓಲೆ' ಎಂಬ ಹೆಸರಿಗೆ ಅರ್ಹವಾದುದು ಡ್ರೈವು ಒಂದೇ. ಪ್ರೊಸೆಸರು, ರ‍್ಯಾಮು, ಬೋರ್ಡು, ಫ್ಯಾನು, ಅಡಾಪ್ಟರು ಇವೆಲ್ಲವೂ ಹಲಗೆ ಮತ್ತು ದಾರಗಳ ವರ್ಗಕ್ಕೆ ಸೇರಿದವು.

ಡ್ರೈವುಗಳಲ್ಲಿ ಎರಡು ಕುಲಗಳುಂಟು. ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ತಟ್ಟೆಗಳ ಮೇಲೆ ಕಾಂತಶಕ್ತಿಯಿಂದ ಬರೆಯುವುದಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಅತಿ ಸೂಕ್ಷ್ಮವಾದ ಕೋಶಗಳಲ್ಲಿ ವಿದ್ಯುದಂಶವನ್ನು ಸೆರೆಹಿಡಿದು ಇಡುವುದಾಗುತ್ತದೆ. ಎಸ್‌ಎಸ್‌ಡಿ ಶೀಘ್ರಗಾಮಿ, ಅಲುಗಾಟಕ್ಕೆ ಅಂಜದು. ಆದರೆ ಅದನ್ನು ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿಟ್ಟರೆ ಸೆರೆಹಿಡಿದ ಅಂಶವು ಮೆಲ್ಲನೆ ಸೋರಿಹೋಗಬಹುದು. ಆದುದರಿಂದ ನಿತ್ಯದ ಕೆಲಸಕ್ಕೆ ಎಸ್‌ಎಸ್‌ಡಿ, ಕಾಪಿಡುವ ಪ್ರತಿಗೆ ಹಾರ್ಡ್‌ಡಿಸ್ಕು ಎಂಬ ವಿಭಾಗವು ಯುಕ್ತವಾಗಿದೆ.

೪. ಕನ್ನಡದ ಬರಹಕ್ಕೆ ಎಷ್ಟು ಸ್ಥಳ ಬೇಕು?

ಅಂಗಗಳನ್ನು ಕೊಳ್ಳುವ ಮೊದಲು ನಮ್ಮ ಕೆಲಸದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು. ೧೯೯೧ ರಲ್ಲಿ ಪ್ರಕಟವಾದ ಯುನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಎಡೆ ದೊರೆಯಿತು. ಕನ್ನಡಕ್ಕೆ ಅದರಲ್ಲಿ ೧೨೮ ಸ್ಥಾನಗಳು ಮೀಸಲಾಗಿವೆ. ವ್ಯಂಜನ, ಸ್ವರಚಿಹ್ನೆ, ವಿರಾಮ ಇವು ಒಂದೊಂದೂ ಪ್ರತ್ಯೇಕ ಸಂಕೇತ. ಈಗ ಹೆಚ್ಚಾಗಿ ಬಳಸುವ ಯುಟಿಎಫ್-೮ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ೩ ಬೈಟುಗಳು ತಗಲುವುವು. 'ಗೋಕಾಕ' ಎಂಬಲ್ಲಿ ೫ ಸಂಕೇತ, ೧೫ ಬೈಟು. 'ಮೂಡಲಗಿ' ಎಂಬಲ್ಲಿ ೬ ಸಂಕೇತ, ೧೮ ಬೈಟು. ಒತ್ತಕ್ಷರವಿರುವ 'ಹುಕ್ಕೇರಿ'ಯಲ್ಲಿ ೮ ಸಂಕೇತ, ೨೪ ಬೈಟು.

ಪುಟಕ್ಕೆ ೧,೫೦೦ ಸಂಕೇತಗಳಂತೆ ೩೦೦ ಪುಟಗಳ ಗ್ರಂಥವೊಂದನ್ನು ಭಾವಿಸಿದರೆ ಅದಕ್ಕೆ ೧೩ ಲಕ್ಷ ೫೦ ಸಾವಿರ ಬೈಟುಗಳು ಸಾಕು. ಒಂದು ಟೆರಾಬೈಟಿನ, ಎಂದರೆ ಒಂದು ಲಕ್ಷ ಕೋಟಿ ಬೈಟಿನ, ಡ್ರೈವಿನಲ್ಲಿ ಇಂಥ ಏಳು ಲಕ್ಷಕ್ಕೂ ಮಿಕ್ಕ ಗ್ರಂಥಗಳು ಹಿಡಿಯುವುವು. ಆದರೆ ಅದೇ ಗ್ರಂಥದ ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರರೂಪವಾಗಿ ಇಡುವುದಾದರೆ ಲೆಕ್ಕವು ಬದಲಾಗುವುದು. ಎ೪ ಅಳತೆಯ ಪುಟವನ್ನು ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ತೆಗೆದರೆ ಅಡ್ಡಕ್ಕೆ ೨,೪೮೦, ಉದ್ದಕ್ಕೆ ೩,೫೦೮ ಚುಕ್ಕೆಗಳು, ಒಟ್ಟು ಸುಮಾರು ೮೭ ಲಕ್ಷ. ಬಣ್ಣಕ್ಕಾಗಿ ಚುಕ್ಕೆಗೆ ೩ ಬೈಟು ಹಿಡಿದರೆ ಪುಟಕ್ಕೆ ಸುಮಾರು ೨ ಕೋಟಿ ೬೧ ಲಕ್ಷ ಬೈಟು. ಚಿತ್ರವನ್ನು ಕುಗ್ಗಿಸದೆ ಮೂಲರೂಪದಲ್ಲಿಯೇ ಇಟ್ಟರೆ ಆ ಒಂದು ಟೆರಾಬೈಟಿನಲ್ಲಿ ಇಂಥ ೧೨೭ ಗ್ರಂಥಗಳು ಮಾತ್ರ ಹಿಡಿಯುವುವು.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಬರಹವನ್ನು ಮಾತ್ರ ಇಡುವವರಿಗೆ ಅತಿ ಚಿಕ್ಕ ಡ್ರೈವೂ ಸಾಕು. ಹಸ್ತಪ್ರತಿಗಳ ಛಾಯೆಯನ್ನು ಇಡುವವರು ಡ್ರೈವಿಗೆ ಹೆಚ್ಚು ಹಣವನ್ನು ಮೀಸಲಿಡಬೇಕು. ವೇಗವಾದ ಪ್ರೊಸೆಸರಿಗಾಗಿ ಹಣವನ್ನು ಸುರಿದು ಡ್ರೈವಿನಲ್ಲಿ ಮಿತವ್ಯಯ ಮಾಡುವುದು ನಮ್ಮ ಕೆಲಸಕ್ಕೆ ವಿಪರೀತ. ಅಂಗಗಳನ್ನು ತಾನೇ ಆರಿಸುವ ಸ್ವಾತಂತ್ರ್ಯವು ಬೇರ್‌ಬೋನಿನಿಂದ ದೊರೆಯುವುದು ಇಲ್ಲಿಯೇ.

೫. ವಿದ್ಯುತ್ತಿನ ವಿಚಾರ

ಯಂತ್ರವೂ ವಿದ್ಯುತ್ತೂ ಈ ಸೀಮೆಗೆ ಹೊಸವಲ್ಲ. ಘಟಪ್ರಭೆಯು ೫೨ ಮೀಟರು ಕೆಳಗೆ ಧುಮುಕುವ ಗೋಕಾಕ ಜಲಪಾತದಲ್ಲಿ ೧೮೮೭ ರಲ್ಲಿಯೇ ನೀರಿನ ಬಲದಿಂದ ನೂಲಿನ ಗಿರಣಿ ನಡೆಯತೊಡಗಿತು. ಭಾರತದ ಜಲವಿದ್ಯುತ್ತಿನ ಚರಿತ್ರೆಯಲ್ಲಿ ಈ ಸ್ಥಳದ ಹೆಸರು ಬರುವುದು. ಅದೇ ನದಿಗೆ ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿದೆ. ೧೯೬೯ ರಲ್ಲಿ ಸ್ಥಾಪಿತವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು, ಸದಸ್ಯರೇ ಒಡೆಯರಾಗಿ ಮನೆಮನೆಗೆ ವಿದ್ಯುತ್ತನ್ನು ಹಂಚುವ ಅಪೂರ್ವವಾದ ಸಂಸ್ಥೆ. ದೊಡ್ಡ ಯಂತ್ರವನ್ನೂ ತಂತಿಯ ಜಾಲವನ್ನೂ ತಮ್ಮದೆಂದು ನಡೆಸಿಕೊಂಡ ಜನಕ್ಕೆ ಅಂಗೈಯಗಲದ ಗಣಕವು ಅಸಾಧ್ಯವಾಗಲಾರದು.

ಗೋಡೆಯ ಸಾಕೆಟ್ಟಿಗೆ ಬರುವುದು ೨೩೦ ವೋಲ್ಟಿನ, ಸೆಕೆಂಡಿಗೆ ೫೦ ಆವರ್ತಗಳ ಪರ್ಯಾಯ ಪ್ರವಾಹ. ಚಿಕ್ಕ ಗಣಕದ ಅಡಾಪ್ಟರು ಅದನ್ನು ಸಾಮಾನ್ಯವಾಗಿ ೧೯ ವೋಲ್ಟಿನ ನೇರ ಪ್ರವಾಹವಾಗಿ ಮಾರ್ಪಡಿಸುವುದು. ಬೋರ್ಡು ಅದನ್ನು ಮತ್ತೆ ತಗ್ಗಿಸಿ ಒಂದೊಂದು ಅಂಗಕ್ಕೂ ತಕ್ಕಷ್ಟು ಕೊಡುವುದು. ಡಿಡಿಆರ್ ೪ ಜಾತಿಯ ರ‍್ಯಾಮಿಗೆ ಬೇಕಾದುದು ೧.೨ ವೋಲ್ಟು, ಡಿಡಿಆರ್ ೫ ಜಾತಿಗೆ ೧.೧ ವೋಲ್ಟು. ಇಷ್ಟು ಅಲ್ಪಶಕ್ತಿಯಿಂದ ನಡೆಯುವ ಅಂಗಗಳು ಒತ್ತಡದ ಏರಿಳಿತಕ್ಕೆ ಬೇಗ ತುತ್ತಾಗುವುದು ಸ್ವಾಭಾವಿಕ. ಅಡಾಪ್ಟರಿನ ಮೇಲೆ ೧೯ ವೋಲ್ಟು, ೪.೭೪ ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿದಾಗ ೯೦ ವಾಟು ಬರುವುದು. ಕಳೆದುಹೋದ ಅಡಾಪ್ಟರಿಗೆ ಬದಲಾಗಿ ಬೇರೊಂದನ್ನು ತರುವಾಗ ವೋಲ್ಟು ಅದೇ ಇರಬೇಕು, ಆಂಪಿಯರು ಅಷ್ಟೇ ಅಥವಾ ಹೆಚ್ಚು ಇರಬೇಕು, ತುದಿಯ ಅಳತೆಯೂ ಧ್ರುವವೂ ಹೊಂದಬೇಕು.

ಬರೆಯುತ್ತಿರುವಾಗ ವಿದ್ಯುತ್ತು ನಿಂತರೆ ಪಾಟಿಯ ಮೇಲಿನದು ಅಳಿಯುವುದು; ಅದೇ ಕ್ಷಣದಲ್ಲಿ ಡ್ರೈವಿಗೆ ಬರೆಯುವ ಕೆಲಸ ನಡೆದಿದ್ದರೆ ಹೊತ್ತಗೆಯ ಪುಟವೂ ಅರ್ಧಕ್ಕೆ ಹರಿಯಬಹುದು. ಆದುದರಿಂದ ಚಿಕ್ಕದೊಂದು ಯುಪಿಎಸ್ ಇರಲೇಬೇಕು. ಭೂಸಂಪರ್ಕವುಳ್ಳ ಮೂರು ಕಾಲಿನ ಸಾಕೆಟ್ಟನ್ನೇ ಬಳಸತಕ್ಕದ್ದು. ಮುಂಗಾರಿಗೆ ಮೊದಲು ಬರುವ ಗುಡುಗು ಸಿಡಿಲಿನ ಮಳೆಗಳಲ್ಲಿ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ಪ್ಲಗ್ಗನ್ನೂ ಜಾಲದ ತಂತಿಯನ್ನೂ ಕಿತ್ತಿಡುವುದು ಎಲ್ಲಕ್ಕಿಂತ ಸುಲಭವಾದ ರಕ್ಷಣೆ.

೬. ಜೋಡಣೆಯ ಕ್ರಮ

ಇದಕ್ಕೆ ಬೇಕಾದ ಉಪಕರಣಗಳು ಬಹಳವಿಲ್ಲ: ಕೂಡುಗೀಟಿನ ತುದಿಯ ಸಣ್ಣ ಸ್ಕ್ರೂ ಡ್ರೈವರು, ತಿರುಪುಗಳನ್ನು ಇಡಲು ಬಟ್ಟಲು, ಬೆಳಕು, ಬರಿಯ ಮರದ ಮೇಜು. ಚಳಿಗಾಲದ ಒಣಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ತು ಕೂಡುವುದು. ನಮಗೆ ಅರಿವಾಗದಷ್ಟು ಅಲ್ಪವಾದರೂ ಅದು ಅಂಗಗಳನ್ನು ಕೊಲ್ಲಬಲ್ಲುದು. ಆದುದರಿಂದ ಉಣ್ಣೆಯ ಬಟ್ಟೆ ಅಥವಾ ಜಮಖಾನೆಯ ಮೇಲೆ ಕುಳಿತು ಈ ಕೆಲಸವನ್ನು ಮಾಡಬಾರದು. ಅಂಗಗಳನ್ನು ಮುಟ್ಟುವ ಮುನ್ನ ನೆಲಕ್ಕೆ ಸಂಬಂಧವುಳ್ಳ ಲೋಹದ ವಸ್ತುವೊಂದನ್ನು ಮುಟ್ಟಬೇಕು. ಫಲಕಗಳನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಬೇಕು.

ಮೊದಲನೆಯದು, ಕವಚವನ್ನು ತೆರೆಯುವುದು. ಅಡಾಪ್ಟರನ್ನು ಕಿತ್ತಿರುವುದನ್ನು ಖಚಿತಪಡಿಸಿಕೊಂಡು ಪೆಟ್ಟಿಗೆಯನ್ನು ಮಗುಚಬೇಕು. ಎನ್‌ಯುಸಿ ಜಾತಿಯಲ್ಲಿ ನಾಲ್ಕು ಪಾದಗಳಲ್ಲಿ ನಾಲ್ಕು ತಿರುಪುಗಳಿರುತ್ತವೆ. ತಳದ ಮುಚ್ಚಳಕ್ಕೆ ಹಾರ್ಡ್‌ಡಿಸ್ಕಿನ ಗೂಡು ಅಂಟಿಕೊಂಡಿದ್ದು, ಅದರಿಂದ ಒಂದು ತೆಳುವಾದ ಪಟ್ಟಿ ಬೋರ್ಡಿಗೆ ಹೋಗಿರಬಹುದು; ಮುಚ್ಚಳವನ್ನು ಒಮ್ಮೆಲೇ ಎಳೆದರೆ ಅದು ಹರಿಯುವುದು.

ಎರಡನೆಯದು, ಪ್ರೊಸೆಸರು. ಬೆಸೆದಿದ್ದರೆ ಈ ಹಂತವಿಲ್ಲ. ಇಲ್ಲವಾದರೆ ಅದರ ಸಾಕೆಟ್ಟನ್ನು ಗುರುತಿಸಬೇಕು. ಇಂಟೆಲ್ಲಿನ ಎಲ್‌ಜಿಎ ೧೭೦೦ ರಲ್ಲಿ ೧,೭೦೦ ಸೂಕ್ಷ್ಮ ಕಡ್ಡಿಗಳು ಬೋರ್ಡಿನಲ್ಲಿಯೇ ಇರುತ್ತವೆ. ಎಎಂಡಿಯ ಎಎಂ ೪ ಪದ್ಧತಿಯಲ್ಲಿ ೧,೩೩೧ ಕಡ್ಡಿಗಳು ಪ್ರೊಸೆಸರಿನ ಕೆಳಗಿರುತ್ತವೆ. ಯಾವುದರಲ್ಲಿಯೂ ಕಡ್ಡಿಗಳನ್ನು ಬೆರಳಿನಿಂದ ಮುಟ್ಟಬಾರದು. ಸನ್ನೆಯನ್ನು ಎತ್ತಿ, ಪ್ರೊಸೆಸರಿನ ಮೂಲೆಯಲ್ಲಿರುವ ಚಿಕ್ಕ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ ಇಡಬೇಕು. ತನ್ನ ಭಾರದಿಂದಲೇ ಅದು ಕುಳಿತರೆ ಸರಿಯಾಗಿದೆಯೆಂದರ್ಥ. ಆಮೇಲೆ ಸನ್ನೆಯನ್ನು ಇಳಿಸಬೇಕು. ಎಲ್‌ಜಿಎ ಜಾತಿಯಲ್ಲಿ ಆಗ ಸ್ವಲ್ಪ ಬಿಗಿಯಾಗುವುದು ಸಹಜವೇ.

ಮೂರನೆಯದು, ಕಾವು ತೆಗೆಯುವ ಅಂಗ. ಪ್ರೊಸೆಸರಿನ ನಡುವೆ ಜೋಳದ ಕಾಳಿನಷ್ಟು ಥರ್ಮಲ್ ಪೇಸ್ಟನ್ನು ಇಟ್ಟು ಅದರ ಮೇಲೆ ಹೀಟ್‌ಸಿಂಕನ್ನು ಕೂಡಿಸುವುದು. ಎರಡು ಲೋಹಗಳ ಮೈ ನಯವಾಗಿ ಕಂಡರೂ ನಡುವೆ ಗಾಳಿ ಉಳಿಯುವುದು. ಗಾಳಿಯು ಕಾವನ್ನು ಸಾಗಿಸುವುದಿಲ್ಲವಾದುದರಿಂದ ಪೇಸ್ಟು ಆ ಸಂದುಗಳನ್ನು ತುಂಬುವುದು. ನಾಲ್ಕು ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಫ್ಯಾನಿನ ತಂತಿಯನ್ನು ಅದರ ಸ್ಥಾನಕ್ಕೆ ಕೂಡಿಸುವುದನ್ನು ಮರೆಯಬಾರದು.

ನಾಲ್ಕನೆಯದು, ರ‍್ಯಾಮು. ಚಿಕ್ಕ ಗಣಕಗಳಲ್ಲಿ ಲ್ಯಾಪ್‌ಟಾಪಿನ ಕಿರಿಯ ಅಳತೆಯ ರ‍್ಯಾಮೇ ಬರುವುದು. ಡಿಡಿಆರ್ ೪ ಕ್ಕೆ ೨೬೦, ಡಿಡಿಆರ್ ೫ ಕ್ಕೆ ೨೬೨ ಸ್ಪರ್ಶಸ್ಥಾನಗಳು. ಅಂಚಿನ ಗಾಟು ಬೇರೆ ಬೇರೆ ಕಡೆ ಇರುವುದರಿಂದ ಒಂದು ಮತ್ತೊಂದರ ಸ್ಲಾಟಿನಲ್ಲಿ ಕೂಡದು. ಬೋರ್ಡಿಗೆ ಯಾವ ಜಾತಿ ಬೇಕೆಂಬುದನ್ನು ಕೊಳ್ಳುವ ಮೊದಲೇ ಓದಿಕೊಂಡಿರಬೇಕು. ಗಾಟನ್ನು ಹೊಂದಿಸಿ, ಓರೆಯಾಗಿ ಒಳಗೆ ತಳ್ಳಿ, ಬಳಿಕ ಕೆಳಕ್ಕೆ ಒತ್ತಿದರೆ ಎರಡು ಬದಿಯ ಕೊಂಡಿಗಳು ಸದ್ದುಮಾಡಿ ಹಿಡಿಯುವುವು. ೧೬ ಗಿಗಾಬೈಟು ಬೇಕಾದಲ್ಲಿ ೮ ರ ಎರಡನ್ನು ಹಾಕಿದರೆ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಸಂಚಾರವಾಗಿ ವೇಗವು ಹೆಚ್ಚುವುದು.

ಐದನೆಯದು, ಡ್ರೈವು. ಎಂ.೨ ಎಂಬ ಪಟ್ಟಿಯಂಥ ಎಸ್‌ಎಸ್‌ಡಿಯ ಮೇಲೆ ೨೨೮೦ ಎಂದಿದ್ದರೆ ೨೨ ಮಿಲಿಮೀಟರ್ ಅಗಲ, ೮೦ ಮಿಲಿಮೀಟರ್ ಉದ್ದ ಎಂದರ್ಥ. ೨೨೪೨ ಎಂದರೆ ಉದ್ದ ೪೨. ಒಂದೇ ಆಕಾರದ ಪಟ್ಟಿಗಳಲ್ಲಿ ಎನ್‌ವಿಎಂಇ, ಸಾಟಾ ಎಂಬ ಎರಡು ಭಾಷೆಗಳನ್ನಾಡುವ ಜಾತಿಗಳುಂಟು. ಬೋರ್ಡು ಯಾವುದನ್ನು ಅರಿಯುವುದೋ ಅದನ್ನೇ ತರಬೇಕು. ಇದನ್ನೂ ಓರೆಯಾಗಿ ಸೇರಿಸಿ, ತುದಿಯನ್ನು ಬಗ್ಗಿಸಿ ಒಂದೇ ತಿರುಪಿನಿಂದ ಹಿಡಿಸುವುದು. ಎರಡೂವರೆ ಅಂಗುಲದ ಹಾರ್ಡ್‌ಡಿಸ್ಕಿಗೆ ಗೂಡಿದ್ದರೆ ಅದನ್ನೂ ಈಗಲೇ ಕೂಡಿಸಬೇಕು.

೭. ಮೊದಲ ಚಾಲನೆ

ಮುಚ್ಚಳವನ್ನು ಹಾಕಿ, ತೆರೆಯನ್ನೂ ಕೀಲಿಮಣೆಯನ್ನೂ ಕೂಡಿಸಿ, ಗುಂಡಿಯನ್ನು ಒತ್ತಬೇಕು. ಡಿಡಿಆರ್ ೫ ಇರುವ ಯಂತ್ರಗಳು ಮೊದಲ ಸಲ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುವಾಗ ಕೆಲವು ನಿಮಿಷಗಳ ಕಾಲ ತೆರೆಯು ಕತ್ತಲಾಗಿಯೇ ಇರಬಹುದು, ಅವಸರಪಟ್ಟು ಆರಿಸಬಾರದು. ಎಫ್ ೨ ಅಥವಾ ಡಿಲೀಟ್ ಕೀಲಿಯನ್ನು ಒತ್ತಿದರೆ ಬಯೋಸ್ ಎಂಬ ಪಟ್ಟಿಯು ಕಾಣುವುದು. ಅದರಲ್ಲಿ ಪ್ರೊಸೆಸರಿನ ಹೆಸರು, ರ‍್ಯಾಮಿನ ಪ್ರಮಾಣ, ಡ್ರೈವುಗಳ ಹೆಸರು, ದಿನಾಂಕ, ಕಾವು, ಈ ಐದನ್ನೂ ನೋಡಿ ಬರೆದುಕೊಳ್ಳಬೇಕು. ಕೂಡಿಸಿದುದಕ್ಕಿಂತ ಕಡಿಮೆ ರ‍್ಯಾಮು ತೋರಿದರೆ ಒಂದು ಸರಿಯಾಗಿ ಕುಳಿತಿಲ್ಲವೆಂದು ತಿಳಿದು, ಪ್ಲಗ್ಗನ್ನು ಕಿತ್ತು ಮತ್ತೆ ಕೂಡಿಸಬೇಕು.

ಬಳಿಕ ಪೆನ್ ಡ್ರೈವಿನ ಮೂಲಕ ವಿಂಡೋಸ್ ಅಥವಾ ಲಿನಕ್ಸ್ ತಂತ್ರಾಂಶವನ್ನು ಸ್ಥಾಪಿಸುವುದು. ಎರಡರಲ್ಲಿಯೂ ಯುನಿಕೋಡ್ ಕನ್ನಡವು ದೊರೆಯುವುದು. ಕನ್ನಡ ಗಣಕ ಪರಿಷತ್ತಿನ ನುಡಿಯ ಕೀಲಿಮಣೆಯು ಕೆ. ಪಿ. ರಾಯರ ವಿನ್ಯಾಸವನ್ನು ಆಧರಿಸಿದುದೆಂಬುದನ್ನು ವಾಚಕರು ಬಲ್ಲರು. ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಯುನಿಕೋಡಿಗೆ ಮೊದಲಿನ ಪದ್ಧತಿಯಲ್ಲಿ ಸಿದ್ಧವಾದ ಹಳೆಯ ಕಡತಗಳಲ್ಲಿ ಕನ್ನಡದ ಆಕೃತಿಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿರುತ್ತವೆ. ಹೊಸ ಯಂತ್ರದಲ್ಲಿ ಆ ಅಕ್ಷರವಿನ್ಯಾಸವಿಲ್ಲದಿದ್ದರೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ಕಾಣುವುವು. ಕಡತವು ಕೆಟ್ಟಿತೆಂದು ಅಳಿಸಬಾರದು. ಯುನಿಕೋಡಿಗೆ ಪರಿವರ್ತಿಸಿ, ಪರಿವರ್ತಿತ ಪಾಠವನ್ನು ಮೂಲದೊಡನೆ ಒಪ್ಪನೋಡಬೇಕು. ಒತ್ತಕ್ಷರಗಳಲ್ಲಿಯೂ ಅರ್ಕಾವತ್ತಿನಲ್ಲಿಯೂ ಪಾಠವು ಜಾರುವ ಸಂಭವವಿರುವುದರಿಂದ ಇದು ಸಂಪಾದಕನ ಕೆಲಸವೇ ಹೊರತು ಯಂತ್ರದ್ದಲ್ಲ.

೮. ದೋಷಗಳೂ ಪರಿಹಾರಗಳೂ

ಯಂತ್ರವು ನಿಂತಾಗ ಕೇಳತಕ್ಕ ಪ್ರಶ್ನೆಗಳಿಗೆ ಒಂದು ಕ್ರಮವುಂಟು. ಗುಂಡಿ ಒತ್ತಿದರೂ ದೀಪವೇ ಹತ್ತದಿದ್ದರೆ ಮೊದಲು ಸಾಕೆಟ್ಟನ್ನೂ ಅಡಾಪ್ಟರನ್ನೂ ಸಂಶಯಿಸಬೇಕು. ದೀಪ ಹತ್ತಿ, ಫ್ಯಾನು ತಿರುಗಿ, ತೆರೆ ಮಾತ್ರ ಕತ್ತಲಾಗಿದ್ದರೆ ತೆರೆಯ ತಂತಿಯನ್ನೂ ರ‍್ಯಾಮನ್ನೂ ನೋಡಬೇಕು. ಎರಡು ರ‍್ಯಾಮುಗಳಿದ್ದಲ್ಲಿ ಒಂದೊಂದನ್ನೇ ಹಾಕಿ ಪರೀಕ್ಷಿಸಬೇಕು. ದಿನಾಂಕವು ಪ್ರತಿಸಲವೂ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಬಿಲ್ಲೆಯಾಕಾರದ ಬ್ಯಾಟರಿ ಮುಗಿದಿದೆ. ಹೆಚ್ಚಾಗಿ ಬಳಸುವ ಸಿಆರ್ ೨೦೩೨ ಎಂಬುದು ೨೦ ಮಿಲಿಮೀಟರ್ ಅಗಲದ, ೩.೨ ಮಿಲಿಮೀಟರ್ ದಪ್ಪದ, ೩ ವೋಲ್ಟಿನ ಬ್ಯಾಟರಿ. ಯಂತ್ರವು ಕೆಲಕಾಲ ನಡೆದು ತಾನಾಗಿಯೇ ಆರುತ್ತಿದ್ದರೆ ಕಾವಿನ ದೋಷವಿರಬಹುದು. ಪ್ರೊಸೆಸರು ಸುಮಾರು ೧೦೦ ಡಿಗ್ರಿಗೆ ಬಂದಾಗ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಗ್ಗಿಸುವುದು. ಆಮೇಲೆಯೂ ಕಾವೇರಿದರೆ ನಿಂತೇಬಿಡುವುದು. ಎರೆಯ ಹೊಲಗಳ ಧೂಳು, ಏಪ್ರಿಲ್ ಮೇ ತಿಂಗಳ ಬಿಸಿಲು ಎರಡೂ ಕೂಡಿದ ಈ ಸೀಮೆಯಲ್ಲಿ ವರ್ಷಕ್ಕೆರಡು ಸಲವಾದರೂ ಕವಚವನ್ನು ಬಿಚ್ಚಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ, ಮೃದುವಾದ ಕುಂಚದಿಂದ ಧೂಳನ್ನು ತೆಗೆಯಬೇಕು.

ಈ ಎಲ್ಲ ದೋಷಗಳಲ್ಲಿಯೂ ಗ್ರಂಥವು ಸುರಕ್ಷಿತವಾಗಿರುತ್ತದೆಂಬುದನ್ನು ಗಮನಿಸಬೇಕು. ಬೋರ್ಡೇ ಸುಟ್ಟುಹೋದರೂ ಡ್ರೈವನ್ನು ಒಂದೇ ತಿರುಪು ಬಿಚ್ಚಿ ಹೊರತೆಗೆದು, ಯುಎಸ್‌ಬಿ ಕವಚದಲ್ಲಿಟ್ಟು, ಬೇರೆ ಯಂತ್ರಕ್ಕೆ ಕೂಡಿಸಿ ಓದಬಹುದು. ಇದಕ್ಕೆ ಒಂದೇ ಅಪವಾದವುಂಟು. ಈಚಿನ ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪೀಕರಣವು ಜಾರಿಯಲ್ಲಿದ್ದರೆ ಡ್ರೈವನ್ನು ಬೇರೆ ಯಂತ್ರಕ್ಕೆ ಹಾಕಿದಾಗ ೪೮ ಅಂಕಿಗಳ ಕೀಲಿಯನ್ನು ಕೇಳುವುದು. ಅದಿಲ್ಲದೆ ಒಂದು ಅಕ್ಷರವನ್ನೂ ಓದಲಾಗದು. ಅದನ್ನು ಮೊದಲ ದಿನವೇ ಕಾಗದದ ಮೇಲೆ ಬರೆದಿಡತಕ್ಕದ್ದ��.

ಇನ್ನು ಡ್ರೈವೇ ಕೆಟ್ಟರೆ? ಹಾರ್ಡ್‌ಡಿಸ್ಕು ಹಲವು ಸಲ ವಿಚಿತ್ರವಾದ ಸದ್ದುಮಾಡಿ ಮುನ್ಸೂಚನೆಯನ್ನು ಕೊಡುವುದು. ಎಸ್‌ಎಸ್‌ಡಿ ಏನನ್ನೂ ಹೇಳದೆ ಒಂದು ಮುಂಜಾನೆ ಮೌನವಾಗಿಬಿಡಬಹುದು. ಇದಕ್ಕೆ ಜೋಡಣೆಯ ಕೌಶಲವು ಪರಿಹಾರವಲ್ಲ, ಪ್ರತಿಮಾಡುವುದೇ ಪರಿಹಾರ. ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಬೇರೆ ಊರಿನಲ್ಲಿರಬೇಕು ಎಂಬುದು ಗ್ರಂಥಪಾಲಕರ ಸಾಮಾನ್ಯ ನಿಯಮ. ಗೋಕಾಕದ ಯಂತ್ರದಲ್ಲೊಂದು, ಅಲ್ಲಿಯೇ ಕಪಾಟಿನ ಹಾರ್ಡ್‌ಡಿಸ್ಕಿನಲ್ಲೊಂದು, ಹುಕ್ಕೇರಿಯಲ್ಲಿಯೋ ಮೂಡಲಗಿಯಲ್ಲಿಯೋ ಇರುವ ಸಹೋದ್ಯೋಗಿಯ ಬಳಿ ಮತ್ತೊಂದು ಇದ್ದರೆ ಈ ನಿಯಮವು ಸುಲಭವಾಗಿ ಪಾಲಿತವಾಗುವುದು.

೯. ಉಪಸಂಹಾರ

ಅಂಗಗಳನ್ನೆಲ್ಲ ಬೋರ್ಡಿಗೆ ಬೆಸೆದು, ಕವಚವನ್ನು ಅಂಟಿನಿಂದ ಮುಚ್ಚಿ ಮಾರುವ ಯಂತ್ರಗಳು ಇಂದು ಹೆಚ್ಚುತ್ತಿವೆ. ಅವು ನೋಡಲು ಅಂದವಾಗಿವೆ, ಹಗುರವಾಗಿಯೂ ಇವೆ. ಆದರೆ ಕೆಲವುಗಳಲ್ಲಿ ಡ್ರೈವು ಕೂಡ ಬೆಸೆದಿರುವುದರಿಂದ ಬೋರ್ಡು ಕೆಟ್ಟ ದಿನ ಬರಹವೂ ಅದರೊಡನೆ ಸೆರೆಯಾಗುವುದು. ಸ್ವಂತದ ಸಂಚಾರಕ್ಕೆ ಅಂಥವುಗಳನ್ನು ಇಟ್ಟುಕೊಳ್ಳುವುದರಲ್ಲಿ ದೋಷವಿಲ್ಲ. ಒಂದು ಶಾಲೆಯ, ಗ್ರಂಥಾಲಯದ, ಊರಿನ ಸಂಗ್ರಹವನ್ನು ಇಡುವ ಯಂತ್ರವಾದರೋ ಬಿಚ್ಚಬಲ್ಲುದಾಗಿರಬೇಕು, ಬಿಚ್ಚಬಲ್ಲವರೊಬ್ಬರಾದರೂ ಊರಿನಲ್ಲಿರಬೇಕು. ಈ ಕೆಲಸಕ್ಕೆ ಬೇಕಾದುದು ಒಂದು ಮಧ್ಯಾಹ್ನದ ಬಿಡುವು. ವಿಶೇಷವಾದ ಗಣಿತಜ್ಞಾನವಾಗಲಿ ಆಂಗ್ಲ ಪಾಂಡಿತ್ಯವಾಗಲಿ ಬೇಕಿಲ್ಲ.

ಕೊನೆಯದಾಗಿ ಒಂದು ಸೂಚನೆ. ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಸಂವತ್ಸರ, ತಿಥಿ, ಊರು, ಬರೆದವನ ಹೆಸರು ಇವನ್ನು ನಮೂದಿಸುತ್ತಿದ್ದರು. ಅದರ ಬೆಲೆಯನ್ನು ಸಂಶೋಧಕರಿಗೆ ಹೇಳಬೇಕಾಗಿಲ್ಲ. ಜೋಡಿಸಿದ ಯಂತ್ರದ ತಳದಲ್ಲಿಯೂ ಹಾಗೆಯೇ ಒಂದು ಕಾಗದವನ್ನು ಅಂಟಿಸಬೇಕು. ಅದರಲ್ಲಿ ಅಂಗಗಳ ಹೆಸರು, ಅಡಾಪ್ಟರಿನ ವೋಲ್ಟು ಮತ್ತು ಆಂಪಿಯರು, ರ‍್ಯಾಮಿನ ಜಾತಿ, ಡ್ರೈವಿನ ಅಳತೆ, ಜೋಡಿಸಿದ ದಿನಾಂಕ, ಪ್ರತಿಗಳಿರುವ ಸ್ಥಳ ಇವನ್ನು ಕನ್ನಡದಲ್ಲಿ ಬರೆದಿರಬೇಕು. ಹತ್ತು ವರ್ಷಗಳ ತರುವಾಯ ಆ ಪೆಟ್ಟಿಗೆಯು ನಡೆಯದೆ ನಿಂತಾಗ, ಅದನ್ನು ತೆರೆಯುವವರು ನಮ್ಮನ್ನು ಕಂಡವರಲ್ಲದಿರಬಹುದು. ಯಾವುದನ್ನು ಬದಲಿಸಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಆ ಕಾಗದವು ಅವರಿಗೆ ತಿಳಿಸುವುದು.